ಬೇರಿವಾನಳ ಮೇಜು

ತನ್ವಿ, ನಿಶಾಂತ್,

ಅಡಿಲೇಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೇರಿವಾನಳಿಗೆ ದ್ರೋಹ ಮಾಡಿದವಳು ನಾನು. ನಿಮ್ಮ ಶಾಲೆಯವರಲ್ಲ, ಟರ್ಕಿಯ ಹೆಂಗಸರಲ್ಲ, ಸುಧಾ ಆಂಟಿಯೂ ಅಲ್ಲ — ನಾನು. ಅವಳ ಜನದ ಹೆಸರನ್ನು ಮೇಜಿನ ಮೇಲಿಂದ ತೆಗೆಸಿದ ಮಾತು ನನ್ನ ಬಾಯಿಂದ ಬಂದದ್ದು. ಆಮೇಲೆ ಅಷ್ಟು ಜನರ ನಡುವೆ ಅವಳು ನನ್ನ ಕಡೆ ತಿರುಗಿ ನಿಜ ಹೇಳಿ ಎಂದು ಕೇಳಿದಾಗ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸುಳ್ಳು ಹೇಳಿದೆ.

ಇದು ನಿಮ್ಮ ಅಮ್ಮನಿಗೂ ಗೊತ್ತಿಲ್ಲ. ಯಾರಿಗೂ ಹೇಳದೆ ಸಾಯಬಹುದು ಅಂದುಕೊಂಡಿದ್ದೆ. ಆದರೆ ನಿಶಾಂತ್, ಮೊನ್ನೆ ನೀನು ಬ್ರಿಸ್ಬೇನಿನಿಂದ ಫೋನ್ ಮಾಡಿ, ನಿನ್ನ ಕಾಲೇಜಿನಲ್ಲಿ ಬೇರಿವಾನಳ ಮಗಳು ರೋಜಿನ್ ಸಿಕ್ಕಳು, ಅವರ ಮನೆಗೂ ಹೋಗಿ ಊಟ ಮಾಡಿ ಬಂದೆ ಎಂದು ಹೇಳಿದೆಯಲ್ಲ. "ಅಜ್ಜಿ, ಆ ಹಾಲ್‌ನಲ್ಲಿ ಯು ವರ್ ದಿ ಓನ್ಲಿ ಕೈಂಡ್ ಪರ್ಸನ್ ಅಂತೆ. ಆಂಟಿ ಇನ್ನೂ ಹೇಳ್ತಾರೆ" ಅಂದೆ. ನಿನ್ನ ದನಿಯಲ್ಲಿ ಎಷ್ಟು ಹೆಮ್ಮೆ. ನಾನು "ಹೌದಾ ಮಗಾ, ಸಂತೋಷ" ಎಂದು ಫೋನ್ ಇಟ್ಟೆ. ಇಟ್ಟು ಬಚ್ಚಲಿಗೆ ಹೋಗಿ ಉಗಿದೆ. ಬಾಯಲ್ಲಿ ಏನೂ ಇರಲಿಲ್ಲ. ಸಂತೋಷ ಎಂದ ನಾಲಿಗೆಯ ಮೇಲೆಯೇ ಹೇಸಿಗೆ.

ಈಗ ನಿಮ್ಮ ಅಪ್ಪ ಅಮ್ಮ ಕ್ಯಾನಿಂಗ್ಟನ್‌ಗೆ ಸಾಮಾನು ತರಲು ಹೋಗಿದ್ದಾರೆ. ಪರ್ತ್‌ನ ಪಿಯಾರಾ ವಾಟರ್ಸ್‌ನ ಈ ಮನೆಯಲ್ಲಿ ನಾನೊಬ್ಬಳೇ. ನನ್ನ ಓದು ಊರಿನ ಶಾಲೆಯ ಏಳನೆಯ ಕ್ಲಾಸಿಗೆ ಮುಗಿಯಿತು. ಬರವಣಿಗೆ ಚೆಂದವಿರುವುದಿಲ್ಲ. ಆದರೆ ಬಾಯಲ್ಲಿ ಹೇಳಹೊರಟರೆ ನಿಮ್ಮ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿಬಿಡುತ್ತೇನೆ — ನನ್ನನ್ನು ನಾನು ಬಲ್ಲೆ.

ಅಡಿಲೇಡಿನ ಪ್ರಾಸ್ಪೆಕ್ಟ್‌ನ ಆ ಬಾಡಿಗೆ ಮನೆ ನಿಮಗೆ ಮಸುಕಾಗಿ ನೆನಪಿರಬಹುದು. ನಿಮ್ಮ ತಾತ ತೀರಿಕೊಂಡ ಮೇಲೆ ನಿಮ್ಮನ್ನು ನೋಡಿಕೊಳ್ಳಲೆಂದು ಅಮ್ಮ ನನ್ನನ್ನು ಕರೆಸಿಕೊಂಡಳು. ಹಗಲೆಲ್ಲ ಮನೆಯಲ್ಲಿ ನಾನೇ. ಹಿತ್ತಿಲ ಬೇಲಿಯಾಚೆ ಬೇರಿವಾನ್. ಮೂವತ್ತು ದಾಟಿರಬೇಕು. ಅವಳ ದ್ರಾಕ್ಷಿ ಬಳ್ಳಿ ಬೇಲಿ ಹತ್ತಿ ನಮ್ಮ ಕಡೆಗೂ ಇಳಿದಿತ್ತು. ನಾನು ಎಲೆ ಕಿತ್ತು ಕೊಡುತ್ತಿದ್ದೆ, ಅವಳು ಅದರಲ್ಲಿ ಅನ್ನ ಸುತ್ತಿ ಬೇಯಿಸಿ ನನಗೆ ಕೊಡುತ್ತಿದ್ದಳು. ನಮ್ಮಿಬ್ಬರದೂ ಹರಕು ಇಂಗ್ಲಿಷ್. ಆದರೂ ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ನನ್ನನ್ನು 'ದಾಯೇ' ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಮ್ಮ ಎಂದರ್ಥ. ಬೇರಿವಾನ್ ಎಂದರೆ ಹಾಲು ಕರೆಯುವವಳು ಎಂದು ಅವಳು ಹೇಳಿದ ದಿನ, ನಮ್ಮ ಮನೆಯಲ್ಲಿ ಹಾಲು ಕರೆಯುತ್ತಿದ್ದವಳು ನಾನೇ ಎಂದು ಹೇಳಿ ಇಬ್ಬರೂ ನಕ್ಕೆವು. ಅವಳ ಕಾಗದಪತ್ರಗಳಲ್ಲಿ ಮಾತ್ರ ಬೇರೆ ಹೆಸರಿತ್ತು. ಹುಟ್ಟಿದಾಗ ಈ ಹೆಸರನ್ನು ಸರಕಾರಿ ಗುಮಾಸ್ತ ಬರೆದುಕೊಳ್ಳಲಿಲ್ಲವಂತೆ.

ತನ್ನ ಜನವಾದ ಕುರ್ದರು ಎಂದರೆ ಯಾರೆಂದು ಒಂದು ದಿನ ಬಾಗಿಲ ಮುಂದೆ ನನ್ನ ರಂಗೋಲಿ ಹಿಟ್ಟು ತೆಗೆದುಕೊಂಡೇ ತೋರಿಸಿದಳು. ನಡುವೆ ಬೆಟ್ಟಗಳನ್ನು ಬರೆದಳು. ಇಲ್ಲಿ ನಮ್ಮವರು, ನೂರಾರು ವರ್ಷಗಳಿಂದ, ಎಂದಳು. ಆಮೇಲೆ ಆ ಬೆಟ್ಟಗಳನ್ನೇ ಸೀಳಿಕೊಂಡು ಗೆರೆ ಎಳೆದಳು — ಈ ಕಡೆ ಟರ್ಕಿ, ಈ ಕಡೆ ಇರಾನ್, ಕೆಳಗೆ ಇರಾಕ್, ಸಿರಿಯಾ. ದೊಡ್ಡ ಯುದ್ಧ ಮುಗಿದ ಮೇಲೆ ದೊಡ್ಡ ದೇಶದವರು ಕೂತು ಪಾಲು ಮಾಡಿದರಂತೆ. ನಿಮಗೂ ಒಂದು ಪಾಲು ಎಂದು ಮೊದಲು ಮಾತು ಕೊಟ್ಟು ಆಮೇಲೆ ಮರೆತರಂತೆ. ಅವಳ ಊರು ಟರ್ಕಿಯ ಪಾಲಿಗೆ ಬಂತು. ಅಲ್ಲಿ ಅವರನ್ನು ಕುರ್ದರೆಂದು ಕರೆಯುವುದೇ ತಪ್ಪಾಗಿತ್ತಂತೆ, ಬೆಟ್ಟದ ಟರ್ಕರು ಎನ್ನಬೇಕಿತ್ತಂತೆ. ಇಲ್ಲದ ಜನಕ್ಕೆ ಭಾಷೆ ಎಲ್ಲಿಂದ, ಶಾಲೆ ಯಾಕೆ, ಹಾಡು ಯಾಕೆ. ಅವಳ ಅಣ್ಣ ಮದುವೆ ಮನೆಯಲ್ಲಿ ಅವರ ಭಾಷೆಯ ಹಾಡು ಹಾಡಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದರಂತೆ. ಆಮೇಲೆ ಕೆಲವರು ಬಂದೂಕು ಹಿಡಿದು ಬೆಟ್ಟ ಹತ್ತಿದರು. ಅವರು ಕೊಂದರು, ಇವರೂ ಕೊಂದರು. ಸೈನಿಕರು ಊರು ಖಾಲಿ ಮಾಡಿಸಿ ಮನೆಗಳಿಗೆ ಬೆಂಕಿ ಇಟ್ಟರು. ಬೇರಿವಾನ್ ಆಗ ಚಿಕ್ಕವಳು. ಇದೆಲ್ಲ ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಅರ್ಥವಾಯಿತು. ಎಲ್ಲವೂ ಅರ್ಥವಾಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಅದೇ ವರ್ಷ ದಸರೆಗೆ ನಿಮ್ಮ ಅಮ್ಮ ಗೊಂಬೆ ಕೂರಿಸಿದಳು — ನಿಮ್ಮ ಅಪ್ಪನ ಮೈಸೂರಿನ ಮನೆಯ ಪದ್ಧತಿ. ಅಡಿಲೇಡಿನ ನಮ್ಮವರೆಲ್ಲ ಬಂದಿದ್ದರು. ನಾನು ಅಡುಗೆಮನೆಯಲ್ಲಿ ಕಡಲೆಕಾಳಿನ ಉಸಲಿ ಒಗ್ಗರಿಸುತ್ತಿದ್ದೆ. ಯಾರೂ ಒಳಗಿರು ಎನ್ನಲಿಲ್ಲ. ಯಾರೂ ಹೊರಗೆ ಬಾ ಎಂದೂ ಅನ್ನಲಿಲ್ಲ. ಗಂಡ ಸತ್ತವಳು ಅರಿಸಿನ ಕುಂಕುಮದ ತಟ್ಟೆ ಮುಟ್ಟುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ, ಹೇಳಬೇಕಾಗಿಯೇ ಇಲ್ಲ. ಆಗ ಬೇರಿವಾನ್ ಹುಡುಕಿಕೊಂಡು ಒಳಗೆ ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು. ನನ್ನ ಮುಂದೆ ಹಣೆ ಬಗ್ಗಿಸಿ, ನೀವೇ ಇಡಿ ದಾಯೇ ಎಂದಳು. ನಾನು ಕೊಡುವಂತಿಲ್ಲ, ಗಂಡ ಇಲ್ಲ ಎಂದೆ. ಯಾರು ಹಾಗೆ ಹೇಳಿದ್ದು ಎಂದು ಕೇಳಿದಳು. ಯಾರೂ ಇಲ್ಲ, ಹಾಗೇ ಎಂದೆ. ಅವಳು ನಕ್ಕುಬಿಟ್ಟಳು.

"ನಮ್ಮ ಸರಕಾರವೂ ಹೀಗೇ ದಾಯೇ. ಅದು ಮಾಡಬೇಡಿ, ಇದು ಆಡಬೇಡಿ. ಯಾಕೆ ಅಂದರೆ — ಹಾಗೇ."

ಇಟ್ಟೆ. ನಿಮ್ಮ ತಾತ ಹೋದ ಮೇಲೆ ನನ್ನ ಕೈಯಿಂದ ಕುಂಕುಮ ಬೇಡಿದವಳು ಅವಳೊಬ್ಬಳೇ. ಸ್ವಂತ ಮಗಳಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಅಂಥವಳಿಗೆ ನಾನು...

ಇರಲಿ. ಮುಂದಿನದನ್ನು ಹೇಳುತ್ತೇನೆ.

ಈ ದೇಶದ ಬೇಸಿಗೆ ಕಳೆದು ಮಾರ್ಚ್ ಬಂತು. ನಿಮ್ಮ ಶಾಲೆಯಲ್ಲಿ ಹಾರ್ಮನಿ ಡೇ. ಎಲ್ಲರೂ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು, ತಮ್ಮ ತಮ್ಮ ಕಡೆಯ ತಿಂಡಿ ತಂದು, ಮೇಜಿನ ಮೇಲೆ ಬಾವುಟ ಇಟ್ಟು ಕೂರುವ ಹಬ್ಬ. ಬೇರಿವಾನಳಿಗೆ ಅದೇ ದಿನ ಅವರ ಹೊಸ ವರ್ಷ. ಸಂಕ್ರಾಂತಿಗೆ ನಮ್ಮೂರಲ್ಲಿ ದನಗಳಿಗೆ ಕಿಚ್ಚು ಹಾಯಿಸುವಂತೆ ಅವರು ಬೆಟ್ಟದ ಮೇಲೆ ಬೆಂಕಿ ಹಾಕಿ ಅದನ್ನು ಹಾರುತ್ತಾರಂತೆ. ಮೊದಲ ಸಲ ಪೊಲೀಸರ ಭಯವಿಲ್ಲದೆ ಹೊಸ ವರ್ಷವನ್ನು ಬೇರೆಯವರಿಗೆ ತೋರಿಸಬಹುದು ಎಂದು ಅವಳಿಗೆ ಹಿಗ್ಗು. ನಿಶಾಂತ್, ನಿನ್ನ ಕ್ಲಾಸಿನಲ್ಲೇ ಇದ್ದ ರೋಜಿನ್ ರಟ್ಟಿನ ಮೇಲೆ ಕೆಂಪು, ಬಿಳಿ, ಹಸಿರು ಬಳಿದು ನಡುವೆ ಹಳದಿ ಸೂರ್ಯನನ್ನು ಬರೆದು ಕೆಳಗೆ ಕುರ್ದಿಸ್ತಾನ್ ಎಂದು ಬರೆದಿದ್ದಳು. ಬೇಲಿಯ ಮೇಲಿಂದ ಎತ್ತಿ ನನಗೆ ತೋರಿಸಿದಳು. ಚೆನ್ನಾಗಿದೆ ಎಂದೆ.

ಅದಕ್ಕೆ ಎರಡು ದಿನ ಮುಂಚೆ ಸುಧಾ ನಮ್ಮ ಮನೆಗೆ ಬಂದಳು. ಶಾಲೆಯ ತಂದೆತಾಯಂದಿರ ಕಮಿಟಿಯಲ್ಲಿ ಅವಳದೇ ಓಡಾಟ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಕಾಫಿ ಕೊಟ್ಟೆ. ಅವಳು ಅಡುಗೆಮನೆಯಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

"ಆಂಟಿ, ನಿಮ್ ಪಕ್ಕದ್ಮನೆಯವ್ರು ಹೊಸ ದೇಶ ಶುರು ಮಾಡ್ಕೊಂಡಿದಾರಂತೆ. ಮ್ಯಾಪಲ್ಲೇ ಇಲ್ಲ. ನಮ್ ಸಮೋಸ ಟೇಬಲ್ಲಿಗೇ ಜಾಗ ಸಾಲ್ತಿಲ್ಲ, ಇಲ್ದಿರೋ ದೇಶಕ್ಕೆ ಎಲ್ಲಿಂದ ತರ್ಲಿ?"

ನಾನು ನಕ್ಕೆ. ಮೊದಲ ತಪ್ಪು ಆ ನಗು.

ಶಾಲೆಯ ತಾಯಂದಿರಲ್ಲಿ ಟರ್ಕಿಯ ಹೆಂಗಸರು ನಾಲ್ಕೈದು ಜನ ಇದ್ದರಂತೆ. ಆ ಸೂರ್ಯನ ಬಾವುಟ ಇಟ್ಟರೆ ನಾವು ಬರುವುದಿಲ್ಲ ಅಂದರಂತೆ. ಅವರಲ್ಲಿ ನೆರ್ಮಿನ್ ಎಂಬವಳನ್ನು ನಾನೂ ಬಲ್ಲೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಮಗೆಲ್ಲ ಸಿಹಿ ಹಂಚುತ್ತಿದ್ದಳು. ಮೃದು ಹೆಂಗಸು. ಅವಳ ತಮ್ಮ ಸೈನ್ಯದಲ್ಲಿದ್ದು ಆ ಬೆಟ್ಟಗಳಲ್ಲೇ ಸತ್ತಿದ್ದ. ಅವಳ ಶಾಲೆಯಲ್ಲಿ ಅವಳಿಗೆ ಕಲಿಸಿದ್ದು ಕುರ್ದರೆಂಬ ಜನವೇ ಇಲ್ಲ ಎಂದು. ಇಲ್ಲದವರು ತನ್ನ ತಮ್ಮನನ್ನು ಹೇಗೆ ಕೊಂದರು ಎಂದು ಅವಳು ಕೇಳಿಕೊಂಡಿರಲಿಕ್ಕಿಲ್ಲ. ಅವಳನ್ನು ನಾನು ದೂರುವುದಿಲ್ಲ. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸುಧಾ ಹೇಳುತ್ತಲೇ ಇದ್ದಳು. ಇವತ್ತು ಇವರಿಗೆ ಕೊಟ್ಟರೆ ನಾಳೆ ನಮ್ಮಲ್ಲೇ ತುಳು ಮೇಜು ಬೇರೆ, ಕೊಡವ ಮೇಜು ಬೇರೆ ಅಂತಾರೆ ಎಂದಳು. ಆ ಕಡೆಯವರು ಟೆರರಿಸ್ಟುಗಳಂತೆ, ನಿಮ್ಮ ಅಳಿಯಂದು ಇಲ್ಲೇ ಕಾಯಂ ಇರೋ ಪಿಆರ್ ಇನ್ನೂ ಬಂದಿಲ್ಲ, ಸುಮ್ಮನೆ ಯಾಕೆ ಎಂದೂ ಸೇರಿಸಿದಳು. ಆಮೇಲೆ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದಳು.

"ನೀವು ದಿನಾ ಮಾತಾಡ್ಸೋರು. ನೀವೇ ಹೇಳಿ ಆಂಟಿ, ಏನ್ ಮಾಡ್ಲಿ? ನೀವ್ ಹೇಳ್ದಂಗೆ ಮಾಡ್ತೀನಿ."

"ಅವರೆಲ್ಲ ಒಂದೇ ಕಣಮ್ಮ" ಎಂದೆ. "ಟರ್ಕಿ ಅಂತಲೇ ಇಟ್ಬಿಡು. ಅವಳೇನೂ ಅನ್ಕೊಳಲ್ಲ."

ಇಷ್ಟೇ. ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ.

ಪಿಆರ್ ಹೆದರಿಕೆಯಿಂದ ಹಾಗೆ ಹೇಳಿದೆ ಎಂದು ಬರೆದರೆ ನೀವು ನನ್ನನ್ನು ಅರ್ಧ ಕ್ಷಮಿಸಿಬಿಡುತ್ತೀರಿ. ಅದು ಸುಳ್ಳು. ಆ ಕ್ಷಣದಲ್ಲಿ ನಿಮ್ಮ ಅಪ್ಪನ ಪಿಆರ್ ನನ್ನ ತಲೆಯಲ್ಲಿ ಇರಲೇ ಇಲ್ಲ. ಇದ್ದದ್ದು ಇಷ್ಟು — ನಮ್ಮವರ ಪೈಕಿ ಒಬ್ಬಳು ನನ್ನನ್ನು ಅಭಿಪ್ರಾಯ ಕೇಳಿದಳು. ಅಡುಗೆಮನೆಯ ಹೆಂಗಸನ್ನು, ಏನು ಮಾಡಲಿ ಎಂದು ಕೇಳಿದಳು. ನನಗೆ ಹಿತವಾಯಿತು. ಆ ಹಿತಕ್ಕೆ ನಾನು ಬೇರಿವಾನಳನ್ನು ಎತ್ತಿ ಕೊಟ್ಟೆ. ಅಂಚಿನಲ್ಲಿ ನಿಂತವಳು ತಾನು ಒಳಗೆ ಹೋಗಬೇಕಾದರೆ ತನಗಿಂತ ಅಂಚಿನಲ್ಲಿರುವವಳನ್ನು ಕಾಲಿಂದ ತಳ್ಳುತ್ತಾಳೆ. ಎಂಥ ಅಸಹ್ಯ ಕೆಲಸ. ಮಾಡುವಾಗ ಮಾತ್ರ ಎಷ್ಟು ಸುಲಭ.

ಇನ್ನೊಂದಿದೆ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ನಾಟಕವಾಗುತ್ತದೆ.

ತನ್ನ ಹಳ್ಳಿಯ ಶಾಲೆಯ ಬಗ್ಗೆ ಬೇರಿವಾನ್ ಒಮ್ಮೆ ಹೇಳಿದ್ದಳು. ಮನೆಯಲ್ಲಿ ಯಾರು ಕುರ್ದಿ ಮಾತಾಡುತ್ತಾರೆ ಎಂದು ಮಾಸ್ತರು ಮಕ್ಕಳ ಕೈಯಲ್ಲೇ ಚಾಡಿ ಹೇಳಿಸುತ್ತಿದ್ದರಂತೆ. ಅವಳ ಮೇಲೆ ಹೇಳಿದವಳು ಅವಳ ಗೆಳತಿಯೇ. ಹೊಡೆತ ಮರೆತೆ, ಅವಳು ಎದ್ದು ನಿಂತು ನನ್ನ ಹೆಸರು ಹೇಳಿದ್ದು ಮರೆಯಲಿಲ್ಲ ಎಂದಳು. ನಾನು ಎಲೆ ಸೋಸುವುದನ್ನು ನಿಲ್ಲಿಸಿದೆ. ನಿಮ್ಮ ಶಾಲೆಯಲ್ಲಿ ಯಾವ ಭಾಷೆ ದಾಯೇ ಎಂದು ಕೇಳಿದಳು. ಮನೆಯದೇ, ಕನ್ನಡ ಎಂದೆ. ಪುಣ್ಯವಂತರು ನೀವು ಎಂದಳು.

ಚನ್ನಗಿರಿ ಕಡೆಯ ನಮ್ಮೂರ ಶಾಲೆಗೆ ಪಕ್ಕದ ತಾಂಡಾದಿಂದ ಲಂಬಾಣಿ ಮಕ್ಕಳು ಬರುತ್ತಿದ್ದರು. ಸೋಮ್ಲಿ ಎಂಬ ಹುಡುಗಿ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಸೋಮ್ಲಿ ಅನ್ನೋದೂ ಒಂದು ಹೆಸರೇ ಎಂದು ಮೇಷ್ಟ್ರು ಹಾಜರಿಯಲ್ಲಿ ಸುಶೀಲಾ ಎಂದು ಬರೆದುಕೊಂಡರು. ತಾಂಡಾದ ಮಾತು ಆಡಿದರೆ ಬೆತ್ತ. ಯಾರು ಆಡಿದರು ಎಂದು ಹೇಳುವ ಕೆಲಸ ಕ್ಲಾಸಿನ ಲೀಡರಿನದು. ಲೀಡರ್ ನಾನು. ನಾಚಿಕೆಯ ಹುಡುಗಿ, ಪಾಠ ಓದಲು ಎಬ್ಬಿಸಿದರೆ ದನಿ ಬರುತ್ತಿರಲಿಲ್ಲ. ಆದರೆ ಸೋಮ್ಲಿ ತಮ್ಮನ ಹತ್ತಿರ ಅವರ ಮಾತಿನಲ್ಲಿ ಏನೋ ಪಿಸುಗುಟ್ಟಿದಾಗ ಎದ್ದು ನಿಂತು ಹೇಳಲು ದನಿ ಬಂತು. ಅವಳು ಶಾಲೆ ಬಿಟ್ಟಳು. ಯಾಕೆ ಬಿಟ್ಟಳೆಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ.

ಬೇರಿವಾನಳಿಗೆ ಇದನ್ನು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅಂದಿನಿಂದ ಅವಳ ಮೇಲೆ ನನಗೆ ಒಳಗೊಳಗೇ ಸಣ್ಣ ಸಿಟ್ಟು ಹುಟ್ಟಿತು. ಅವಳು ತಪ್ಪು ಮಾಡಿದ್ದಕ್ಕಲ್ಲ — ನನ್ನ ತಪ್ಪು ಅವಳ ಮುಖದಲ್ಲಿ ಕಾಣುತ್ತದೆಂದು. ಜನಾಂಗದ ಜಗಳಗಳು ಹೇಗೆ ಹುಟ್ಟುತ್ತವೆ ಎಂದು ಓದಿದವರು ಟೀವಿಯಲ್ಲಿ ಚರ್ಚೆ ಮಾಡುತ್ತಾರೆ. ಗಡಿ, ಪೆಟ್ರೋಲು, ಬಂದೂಕು ಎನ್ನುತ್ತಾರೆ. ಇರಬಹುದು. ಅದಕ್ಕೂ ಮೊದಲು ಒಂದು ಕ್ಲಾಸಿನಲ್ಲಿ ಒಂದು ಮಗು ಎದ್ದು ನಿಂತು ಪಕ್ಕದ ಮಗುವಿನ ಕಡೆ ಬೆರಳು ತೋರಿಸಿರುತ್ತದೆ. ಮೇಷ್ಟ್ರು ಜಾಣೆ ಎಂದಿರುತ್ತಾರೆ.

ಹಬ್ಬದ ದಿನ ಹಾಲ್ ತುಂಬ ಕಿತ್ತಳೆ ಬಣ್ಣ. ಕಿತ್ತಳೆ ಕೇಕು, ಕಿತ್ತಳೆ ರಿಬ್ಬನ್ನು, ಗೋಡೆಯ ಮೇಲೆ ನಿಮ್ಮೆಲ್ಲರ ಕಿತ್ತಳೆ ಕೈ ಗುರುತು, ನಾವೆಲ್ಲ ಒಂದೇ ಎಂಬ ದೊಡ್ಡ ಅಕ್ಷರ. ಬೇರಿವಾನ್ ಹೊಳೆಯುವ ಉದ್ದನೆ ಲಂಗ, ಸೊಂಟಕ್ಕೆ ಡಾಬಿನಂಥ ಪಟ್ಟಿ ಹಾಕಿಕೊಂಡು ದೊಡ್ಡ ಪಾತ್ರೆ ಹೊತ್ತು ಬಂದಳು. ಹಿಂದೆ ರೋಜಿನ್, ಅವಳಿಗೂ ಅಂಥದೇ ಉಡುಪು. ಅವರ ಮೇಜಿನ ಮೇಲೆ ಕೆಂಪು ಬಾವುಟ ಇತ್ತು. ಟರ್ಕಿ ಎಂಬ ಬೋರ್ಡು ಇತ್ತು.

ಅವಳು ಕೂಗಲಿಲ್ಲ. ಹಿಂದಿನ ದಿನವೇ ತಂದು ಕೊಟ್ಟಿದ್ದ ಮಗಳ ಬೋರ್ಡು ಎಲ್ಲಿ ಎಂದು ಕೇಳಿದಳು. ದೇಶಗಳ ಹೆಸರು ಮಾತ್ರ ಎಂದು ಕಮಿಟಿ ತೀರ್ಮಾನಿಸಿದೆ ಎಂದು ಸುಧಾ ನಗುನಗುತ್ತ ಹೇಳಿದಳು. ಟೀಚರ್ ಬಂದರು, ನೆರ್ಮಿನ್ ಬಂದಳು. ನೆರ್ಮಿನ್‌ಳ ಕಣ್ಣಲ್ಲಿ ಆಗಲೇ ನೀರು. ಆಗ ಬೇರಿವಾನ್ ಸುತ್ತ ನೋಡಿ ಸಮೋಸದ ಮೇಜಿನ ಹಿಂದೆ ನಿಂತಿದ್ದ ನನ್ನನ್ನು ಕಂಡಳು. ಅವಳ ಮುಖ ಹಗುರಾಯಿತು. ಕಂಡೆ, ಅದನ್ನು ನಾನು ಕಂಡೆ.

"ದಾಯೇ, ನೀವು ಹೇಳಿ ಇವರಿಗೆ. ನಾನು ಯಾರು ಅಂತ ನಿಮಗೆ ಗೊತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಟೀಚರ್ ಪ್ರೀತಿಯಿಂದ, ಹೇಳಿ ಎಂಬಂತೆ ತಲೆಯಾಡಿಸಿದರು. ಶಿ ಈಸ್ ಕುರ್ದಿಶ್ — ಮೂರು ಮಾತು. ಅಷ್ಟು ಇಂಗ್ಲಿಷ್ ನನಗಿತ್ತು. ಅದರ ಹತ್ತರಷ್ಟಿತ್ತು.

"ನೋ ಇಂಗ್ಲಿಷ್" ಎಂದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹಳ್ಳಿಯವಳ ಹಾಗೆ ನಾಚಿ ನಕ್ಕೆ.

ಎಲ್ಲರೂ ನಕ್ಕರು. ಪಾಪ ಎನ್ನುವ ನಗು. ಟೀಚರ್ ನನ್ನ ಭುಜ ತಟ್ಟಿದರು. ಬೇರಿವಾನ್ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಆ ಕೆಂಪು ಬಾವುಟವನ್ನು ಎತ್ತಿ, ನೀಟಾಗಿ ಮಡಿಸಿ, ನೆರ್ಮಿನ್‌ಳ ಕೈಗೆ ಕೊಟ್ಟು, ಪಾತ್ರೆ ಹೊತ್ತುಕೊಂಡು ಮಗಳ ಜೊತೆ ಹೊರಟುಹೋದಳು. ಸಂಜೆ ಸಾಮಾನು ಎತ್ತುವಾಗ ನೋಡಿದೆ. ರೋಜಿನ್‌ಳ ರಟ್ಟು ನಮ್ಮ ಸಮೋಸದ ಬಿಸಿ ತಟ್ಟೆಯ ಅಡಿಯಲ್ಲಿತ್ತು. ಮೇಜು ಸುಡದಿರಲೆಂದು ಯಾರೋ ಇಟ್ಟಿದ್ದರು. ಎಣ್ಣೆ ಇಳಿದು ಸೂರ್ಯ ಜಿಡ್ಡಾಗಿದ್ದ. ನಾನು ಅದನ್ನು ಉಳಿದ ಕಸದ ಜೊತೆಗೇ ಬಿಟ್ಟು ಬಂದೆ.

ಬಾವುಟಕ್ಕೆ ಅವಮಾನ ಮಾಡಿದಳು, ಜಗಳಗಂಟಿ ಎಂದು ಮಾತು ಹಬ್ಬಿತು. ನಿಮ್ಮ ಅಪ್ಪ ಆ ಮನೆಗೆ ಹೋಗಬೇಡಿ ಎಂದರು. ನಿಶಾಂತ್, ನೀನು ಬೇಲಿ ಹಿಡಿದು ರೋಜಿನ್, ರೋಜಿನ್ ಎಂದು ಕರೆಯುತ್ತಿದ್ದೆ. ನಿನ್ನ ಕೈ ಬಿಡಿಸಿ ಒಳಗೆ ಎಳೆದುಕೊಂಡು ಹೋದವಳೂ ನಾನೇ. ತನ್ವಿ, ಯಾಕೆ ಅಂತ ನೀನು ಕೇಳಿದೆ. ದೊಡ್ಡವರ ವಿಷಯ ಎಂದೆ.

ಹಬ್ಬದ ಮಾರನೆಯ ದಿನವೇ ಬೇರಿವಾನ್ ಬೇಲಿಯ ಹತ್ತಿರ ಬಂದಳು. ನಾನು ಒಳಗೆ ಓಡಬೇಕೆಂದಿದ್ದೆ. ಅವಳು ಒಂದು ಡಬ್ಬಿ ಚಾಚಿದಳು. ಎಲೆಯಲ್ಲಿ ಸುತ್ತಿದ ಅನ್ನ, ನಾನು ತಿನ್ನುವುದಿಲ್ಲವೆಂದು ಮಾಂಸ ಹಾಕದೆ ನನಗೆಂದೇ ಬೇರೆ ಮಾಡಿದ್ದು. ನನ್ನ ಕೈ ಹಿಡಿದುಕೊಂಡಳು.

"ನಿನ್ನೆ ನಿಮ್ಮ ನಾಲಿಗೆ ಕಟ್ಟಿಹೋಯಿತು ದಾಯೇ. ನನಗೆ ಗೊತ್ತು ಅದು. ಶಾಲೆಯಲ್ಲಿ ನನಗೂ ಹಾಗೇ ಆಗುತ್ತಿತ್ತು."

ಅವಳು ನನ್ನನ್ನು ತನ್ನಂಥವಳು ಎಂದುಕೊಂಡಳು. ನಾಲಿಗೆ ಕಿತ್ತುಕೊಂಡವರ ಸಾಲಿನಲ್ಲಿದ್ದ ನನ್ನನ್ನು ನಾಲಿಗೆ ಕಳೆದುಕೊಂಡವರ ಸಾಲಿನಲ್ಲಿ ಕೂರಿಸಿ, ನನಗಾಗಿ ಮರುಗಿದಳು. ಆಗಲಾದರೂ ಹೇಳಬಹುದಿತ್ತು. ಬೇಲಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ನಾನು ಡಬ್ಬಿ ತೆಗೆದುಕೊಂಡೆ. ಒಳಗೆ ಕೂತು ಎಲ್ಲವನ್ನೂ ತಿಂದೆ. ರುಚಿಯಾಗಿತ್ತು.

ಆ ವರ್ಷ ಮುಗಿಯುವುದರೊಳಗೆ ಅವರು ಬ್ರಿಸ್ಬೇನಿಗೆ ಹೋದರು. ಆಮೇಲೆ ನಾವೂ ಪರ್ತ್‌ಗೆ ಬಂದೆವು. ಸುಧಾ ಈಗಲೂ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾಳೆ. ಅವಳಿಗೆ ಇದೊಂದೂ ನೆನಪಿರಲಿಕ್ಕಿಲ್ಲ.

ನಿಶಾಂತ್, ಮುಂದಿನ ತಿಂಗಳು ನನ್ನನ್ನು ಬ್ರಿಸ್ಬೇನಿಗೆ ಕರೆಸಿಕೊಳ್ಳುತ್ತೇನೆ, ಆಂಟಿ ಕಾಯುತ್ತಿದ್ದಾರೆ ಅಂದೆಯಲ್ಲ. ಬರುತ್ತೇನೆ. ನಿನ್ನ ಮುಂದೆ, ರೋಜಿನ್‌ಳ ಮುಂದೆ, ಅವರ ಮನೆಯ ನೀರು ಕುಡಿಯುವ ಮೊದಲು ಹೇಳುತ್ತೇನೆ. ಸುಧಾಳಿಗೆ ನಾನೇ ಹೇಳಿಕೊಟ್ಟೆ ಎಂದು, ನನ್ನ ನಾಲಿಗೆ ಕಟ್ಟಿರಲಿಲ್ಲ ಎಂದು, ಸೋಮ್ಲಿಯ ವಿಷಯವನ್ನೂ. ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಬಾಗಿಲು ತೋರಿಸಿದರೆ ನನ್ನನ್ನು ಸಮರ್ಥಿಸಬೇಡ. ವಯಸ್ಸಾಗಿದೆ, ಹಳ್ಳಿಯವಳು ಎಂದು ಒಂದು ಮಾತೂ ಆಡಬೇಡ. ಆ ಮನೆಯವರು ನಿನ್ನನ್ನೂ ಬೇಡವೆಂದರೆ — ಅದು ನನ್ನಿಂದ ನಿನಗಾದ ನಷ್ಟ. ಅದನ್ನೂ ನನ್ನ ಲೆಕ್ಕಕ್ಕೇ ಹಾಕು.

ಆದರೆ ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅಲ್ಲಿಗೆ ಹೋದ ಮೇಲೆ ಅವಳು ತಬ್ಬಿಕೊಂಡರೆ ಮತ್ತೆ ನಕ್ಕು ಸುಮ್ಮನಾಗಿಬಿಡಬಹುದು. ನಾನು ಅಂಥವಳೇ. ಅದಕ್ಕೇ ಬರೆದಿಟ್ಟಿದ್ದೇನೆ. ತನ್ವಿ, ನಿನಗೆ ಕನ್ನಡ ಓದಲು ಬರುತ್ತದೆ. ತಮ್ಮನಿಗೆ ಓದಿ ಹೇಳು, ಯಾವ ಸಾಲನ್ನೂ ಬಿಡದೆ. ನಾನು ಹೇಳದೆ ಹಿಂದಿರುಗಿದರೆ, ಅಥವಾ ಹೋಗುವ ಮೊದಲೇ ಸತ್ತರೆ, ನೀವಿಬ್ಬರೂ ಬೇರಿವಾನಳ ಮನೆಗೆ ಹೋಗಿ ಇದನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ನನ್ನನ್ನು ಒಳ್ಳೆಯವಳೆಂದು ಅವಳು ಇನ್ನೊಂದು ದಿನವೂ ತಿಳಿಯಬಾರದು.

ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅಜ್ಜಿಯ ಮಾನ ಹೋಗುತ್ತದೆ ಎಂದು ಯಾರಾದರೂ ಹರಿದುಹಾಕಲು ಬಂದರೆ, ಕೊಡಬೇಡಿ.